ಆಟದ ನೇರಪ್ರಸಾರದಲ್ಲಿ ಫ್ರೇಮ್ ಬೀಳುತ್ತಿದೆಯೇ? ಎಲ್ಲಿ ಬೀಳುತ್ತಿದೆ ಎಂದು ಮೊದಲು ಹುಡುಕಿ

ರಾತ್ರಿ ಒಂಬತ್ತಕ್ಕೆ ಪ್ರಸಾರ ಶುರುವಾಗಿ ಕಾಲು ಗಂಟೆಯೂ ಕಳೆದಿರುವುದಿಲ್ಲ, ನೋಡುಗರ ಸಂದೇಶ ಬರುತ್ತದೆ: ‘ಅಣ್ಣಾ, ಚಿತ್ರ ನಿಂತು ನಿಂತು ಬರುತ್ತಿದೆ.’ ನಮ್ಮ ಪರದೆಯ ಮೇಲೆ ಮಾತ್ರ ಆಟ ನೀರು ಹರಿದಂತೆ ಸಾಗುತ್ತಿರುತ್ತದೆ. ವಿಡಿಯೊ ಕಟ್ಟುವ ಒಂದೊಂದು ಬಿಡಿ ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ; ಕೆಲವು ಫ್ರೇಮ್ ನಡುವೆ ತಪ್ಪಿದಾಗ ಹೀಗಾಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಕೋಣೆಯಿಂದ ಪ್ರಸಾರ ಆರಂಭಿಸಿದ ಹೊಸದರಲ್ಲಿ ಇಂಥ ಸಂದೇಶ ಬಂದಾಗಲೆಲ್ಲ ನಾನು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ದತ್ತಾಂಶದ ಪ್ರಮಾಣ, ಇಳಿಸುತ್ತಿದ್ದೆ. ಸರಿಹೋಗದಿದ್ದರೆ ಇನ್ನಷ್ಟು ಇಳಿಸುತ್ತಿದ್ದೆ. ಮೂರು ವಾರಗಳಲ್ಲಿ ಚಿತ್ರ ಮಸುಕಾಯಿತೇ ಹೊರತು ತಡವರಿಕೆ ನಿಲ್ಲಲಿಲ್ಲ. ತೊಂದರೆ ಇಂಟರ್ನೆಟ್ಟಿನಲ್ಲಿ ಇರಲೇ ಇಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಹೊರಲಾರದಷ್ಟು ಹೊರೆಯಾಗಿತ್ತು. ಆಮೇಲೆ ಗದಗ, ಹಾವೇರಿ, ಧಾರವಾಡದ ಗೆಳೆಯರ ಕಂಪ್ಯೂಟರುಗಳ ಮುಂದೆ ಕುಳಿತಾಗಲೂ ಇದನ್ನೇ ಕಂಡೆ. ರೋಗ ಒಂದು ಕಡೆ, ಔಷಧ ಇನ್ನೊಂದು ಕಡೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸೆಟ್ಟಿಂಗ್ ಮುಟ್ಟುವ ಮೊದಲು ಅಳೆಯುವ ಕೆಲಸವಿದೆ. ದಯವಿಟ್ಟು ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಮೂರು ಅಂಕಿಗಳನ್ನು ಓದುವುದು

ಇಲ್ಲಿ ಹೇಳುವುದು ವಿಂಡೋಸ್ ಕಂಪ್ಯೂಟರಿನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ಪ್ರಸಾರದ ತಂತ್ರಾಂಶ ಬಳಸುವವರಿಗಾಗಿ. ಒಬಿಎಸ್‌ನ ಡಾಕ್ಸ್ ಮೆನುವಿನಲ್ಲಿ ಸ್ಟ್ಯಾಟ್ಸ್ ಆರಿಸಿ. ತೆರೆದುಕೊಳ್ಳುವ ಫಲಕದಲ್ಲಿ ಬೇರೇನು ಕಂಡರೂ ಈ ಮೂರನ್ನು ಬಿಡಬೇಡಿ: ರೆಂಡರಿಂಗ್ ಲ್ಯಾಗ್‌ನಿಂದ ತಪ್ಪಿದ ಫ್ರೇಮ್‌ಗಳು, ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮ್‌ಗಳು, ನೆಟ್‌ವರ್ಕ್‌ನಲ್ಲಿ ಬಿದ್ದುಹೋದ ಫ್ರೇಮ್‌ಗಳು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೋಡಿದವರಿಗೆ ಇವುಗಳ ವ್ಯತ್ಯಾಸ ಬೇಗ ತಿಳಿಯುತ್ತದೆ. ಕಾಯಿ ಆರಿಸಿ ರಾಶಿ ಮಾಡುವವರು ಬೇರೆ, ಚೀಲಕ್ಕೆ ಒತ್ತಿ ತುಂಬುವವರು ಬೇರೆ, ಹೊತ್ತೊಯ್ಯುವ ಲಾರಿ ಬೇರೆ. ಆಟದ ಚಿತ್ರ, ನಿಮ್ಮ ಕ್ಯಾಮೆರಾ, ಪರದೆಯ ಮೇಲಿನ ಬರಹ ಎಲ್ಲವನ್ನೂ ಸೇರಿಸಿ ಒಂದು ಫ್ರೇಮ್ ಸಿದ್ಧ ಮಾಡುವುದು ರೆಂಡರಿಂಗ್. ಅದನ್ನು ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್ಪು, ಮಾಡುತ್ತದೆ. ಆ ಫ್ರೇಮನ್ನು ಒತ್ತಿ ಚಿಕ್ಕದು ಮಾಡುವುದು ಎನ್‌ಕೋಡಿಂಗ್. ಸರ್ವರಿಗೆ ಸಾಗಿಸುವುದು ನೆಟ್‌ವರ್ಕ್. ರಾಶಿಯೇ ಸಿದ್ಧವಾಗಿಲ್ಲದಿದ್ದರೆ ರಸ್ತೆಯನ್ನು ದೂರಿ ಫಲವಿಲ್ಲ.

ಈ ಅಂಕಿಗಳು ಕೂಡುತ್ತಲೇ ಹೋಗುತ್ತವೆ. ಹಾಗಾಗಿ ಆಟ ಶುರುವಾದ ಮೇಲೆ ಫಲಕದಲ್ಲಿರುವ ರೀಸೆಟ್ ಒತ್ತಿ, ಹದಿನೈದು ನಿಮಿಷ ಆಡಿ, ಆಮೇಲೆ ಓದಿ. ಶೇಕಡಾ 1 ಎಂದರೆ ಕಡಿಮೆಯೆನಿಸಬಹುದು. ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ ಒಂದು ಗಂಟೆಗೆ 2,16,000 ಫ್ರೇಮ್‌ಗಳಾಗುತ್ತವೆ; ಅದರಲ್ಲಿ ಶೇಕಡಾ 1 ಎಂದರೆ 2,160 ಫ್ರೇಮ್, ಅಂದರೆ 36 ಸೆಕೆಂಡಿನ ಚಿತ್ರ. ಅದೂ ಸಾಮಾನ್ಯವಾಗಿ ಹೊಡೆದಾಟ ಜೋರಾಗಿರುವ ಕ್ಷಣದಲ್ಲೇ ಒಟ್ಟಾಗಿ ಹೋಗುತ್ತದೆ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಪ್ರಸಾರ ಮಾಡದೆ, ಅದೇ ಎನ್‌ಕೋಡರ್ ಸೆಟ್ಟಿಂಗಿನಲ್ಲಿ ಹತ್ತು ನಿಮಿಷ ಕಂಪ್ಯೂಟರಿಗೇ ರೆಕಾರ್ಡ್ ಮಾಡಿ ನೋಡಿ. ರೆಕಾರ್ಡಿಂಗ್ ಸರಾಗವಾಗಿದ್ದು ಪ್ರಸಾರ ಮಾತ್ರ ಕೆಟ್ಟಿದ್ದರೆ ದೋಷ ಹೊರಗಿನ ದಾರಿಯಲ್ಲಿದೆ. ರೆಕಾರ್ಡಿಂಗೂ ತಡವರಿಸಿದರೆ ದೋಷ ನಿಮ್ಮ ಮೇಜಿನ ಮೇಲೆಯೇ ಇದೆ.

ಮೂರೂ ಅಂಕಿ ಸೊನ್ನೆಯಿದ್ದು ಒಬ್ಬಿಬ್ಬರು ಮಾತ್ರ ದೂರುತ್ತಿದ್ದರೆ ಅದು ಅವರ ಕಡೆಯ ಬಫರಿಂಗ್ ಆಗಿರುವ ಸಾಧ್ಯತೆ ಹೆಚ್ಚು. ಯೂಟ್ಯೂಬ್ ಪ್ರತಿ ಪ್ರಸಾರವನ್ನೂ ಬೇರೆ ಬೇರೆ ಗುಣಮಟ್ಟಕ್ಕೆ ಮಾರ್ಪಡಿಸಿ ಕೊಡುತ್ತದೆ. ಆಟದ ನೇರಪ್ರಸಾರಕ್ಕೆ ಹೆಸರಾದ ಟ್ವಿಚ್ ತಾಣದಲ್ಲಿ ಸಣ್ಣ ಚಾನೆಲ್‌ಗಳಿಗೆ ಆ ಸೌಲಭ್ಯ ಯಾವಾಗಲೂ ಸಿಗುವುದಿಲ್ಲ; ಆಗ ಶಿರಹಟ್ಟಿಯಲ್ಲಿ ಮೊಬೈಲ್ ಡೇಟಾದಲ್ಲಿ ನೋಡುವವರಿಗೂ ನೀವು ಕಳಿಸಿದ ಪೂರ್ಣ ಬಿಟ್‌ರೇಟೇ ಹೋಗುತ್ತದೆ. ನಮ್ಮ ಭಾಗದ ನೋಡುಗರು ಹೆಚ್ಚಾಗಿ ಮೊಬೈಲಿನವರು. ಅವರಿಗಾಗಿ ಬಿಟ್‌ರೇಟ್ ಸ್ವಲ್ಪ ಇಳಿಸುವುದು ಸರಿಯಾದ ನಿರ್ಧಾರ ಎಂಬುದು ನನ್ನ ಅಭಿಪ್ರಾಯ.

ರೆಂಡರಿಂಗ್ ಅಂಕಿ ಏರುತ್ತಿದ್ದರೆ

60 ಫ್ರೇಮ್ ವೇಗದಲ್ಲಿ ಒಂದು ಫ್ರೇಮ್ ಸಿದ್ಧಪಡಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್. ಆಟವೇ ಜಿಪಿಯುವನ್ನು ಶೇಕಡಾ 99ರಷ್ಟು ಹಿಡಿದುಕೊಂಡಿದ್ದರೆ ಒಬಿಎಸ್‌ಗೆ ಆ ಸಮಯ ಸಿಗುವುದಿಲ್ಲ. ನಿಮ್ಮ ಪರದೆಯಲ್ಲಿ ಆಟ ಚೆನ್ನಾಗಿಯೇ ಓಡುತ್ತಿದ್ದು ನೋಡುಗರಿಗೆ ಮಾತ್ರ ತಡವರಿಸುವುದಕ್ಕೆ ಇದೇ ಕಾರಣ. ಹಲವರು ನಂಬುವುದಿಲ್ಲ, ‘ನನಗೆ 140 ಫ್ರೇಮ್ ಬರುತ್ತಿದೆಯಲ್ಲ’ ಎನ್ನುತ್ತಾರೆ. ಆ 140 ಬರುತ್ತಿರುವುದೇ ತೊಂದರೆ.

ಮೊದಲು ಆಟದ ಸೆಟ್ಟಿಂಗಿನಲ್ಲಿ ಫ್ರೇಮ್ ಮಿತಿ ಹಾಕಿ. 140 ಬರುತ್ತಿದ್ದರೆ 120ಕ್ಕೆ, 80 ಬರುತ್ತಿದ್ದರೆ 60ಕ್ಕೆ ನಿಲ್ಲಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಬಳಕೆ 90ರ ಒಳಗೆ ಇಳಿಯಬೇಕು. ಇಷ್ಟಕ್ಕೆ ಇಳಿಯದಿದ್ದರೆ ಆಟದ ನೆರಳು, ಪ್ರತಿಫಲನಗಳ ಗುಣಮಟ್ಟವನ್ನು ತಗ್ಗಿಸಿ. ನೋಡುಗರಿಗೆ ಈ ವ್ಯತ್ಯಾಸ ಬಹುತೇಕ ಕಾಣುವುದೇ ಇಲ್ಲ.

ಎರಡನೆಯದಾಗಿ, ಒಬಿಎಸ್ ಐಕಾನಿನ ಮೇಲೆ ಬಲಗುಂಡಿ ಒತ್ತಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ ತೆರೆಯಿರಿ. ಹೀಗೆ ತೆರೆದಾಗ ಒಬಿಎಸ್‌ಗೆ ಜಿಪಿಯುವಿನ ಪಾಲು ಕೇಳುವ ಆದ್ಯತೆ ಸಿಗುತ್ತದೆ. ಎರಡು ಕ್ಷಣದ ಕೆಲಸ, ಆದರೆ ಧಾರವಾಡದ ಸಪ್ತಾಪುರದಲ್ಲಿರುವ ಒಬ್ಬ ವಿದ್ಯಾರ್ಥಿಯ ಯಂತ್ರದಲ್ಲಿ ಅರ್ಧ ತೊಂದರೆ ಇಷ್ಟರಿಂದಲೇ ಕಳೆದದ್ದನ್ನು ನೋಡಿದ್ದೇನೆ.

ಮೂರನೆಯದಾಗಿ ನಿಮ್ಮ ಸೀನ್‌ಗಳನ್ನು, ಅಂದರೆ ಒಬಿಎಸ್‌ನಲ್ಲಿ ನೀವು ಜೋಡಿಸಿಟ್ಟ ಪರದೆಯ ವಿನ್ಯಾಸಗಳನ್ನು, ನೋಡಿ. ಇಡೀ ಪರದೆಯನ್ನು ಹಿಡಿಯುವ ಡಿಸ್‌ಪ್ಲೇ ಕ್ಯಾಪ್ಚರ್ ಇದ್ದರೆ ತೆಗೆದು, ಆಟವನ್ನಷ್ಟೇ ಹಿಡಿಯುವ ಗೇಮ್ ಕ್ಯಾಪ್ಚರ್ ಹಾಕಿ. ಅಲರ್ಟ್, ಚಾಟ್, ದೇಣಿಗೆಯ ಪಟ್ಟಿ ಎಂದು ಸೇರಿಸಿರುವ ಒಂದೊಂದು ಬ್ರೌಸರ್ ಸೋರ್ಸೂ ಒಂದೊಂದು ವೆಬ್ ಪುಟವಾಗಿ ಓಡುತ್ತಿರುತ್ತದೆ. ಕಣ್ಣಿಗೆ ಕಾಣದ ಸೀನ್‌ನಲ್ಲಿದ್ದರೂ ಅದು ಸುಮ್ಮನಿರುವುದಿಲ್ಲ. ಸೋರ್ಸ್‌ನ ಗುಣಲಕ್ಷಣಗಳಲ್ಲಿ ‘ಕಾಣದಿದ್ದಾಗ ಮುಚ್ಚು’ ಎಂಬರ್ಥದ ಆಯ್ಕೆಗೆ ಗುರುತು ಹಾಕಬೇಕು. ಪ್ರಸಾರ ಶುರುವಾದ ಮೇಲೆ ಪ್ರಿವ್ಯೂ ಕೂಡ ಬೇಡ, ಅದರ ಮೇಲೆ ಬಲಗುಂಡಿ ಒತ್ತಿ ನಿಲ್ಲಿಸಬಹುದು. ವಿಂಡೋಸ್‌ನ ಎಕ್ಸ್‌ಬಾಕ್ಸ್ ಗೇಮ್ ಬಾರ್ ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ.

ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಜಿಪಿಯು ಇರುತ್ತವೆ. ಆಟ ಒಂದರಲ್ಲಿ, ಒಬಿಎಸ್ ಇನ್ನೊಂದರಲ್ಲಿ ಓಡಿದರೆ ಗೇಮ್ ಕ್ಯಾಪ್ಚರ್ ಕಪ್ಪಾಗುತ್ತದೆ ಅಥವಾ ಪ್ರತಿ ಫ್ರೇಮನ್ನೂ ಆ ಕಡೆಯಿಂದ ಈ ಕಡೆಗೆ ನಕಲು ಮಾಡುವ ಹೊರೆ ಬೀಳುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿರುವ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಒಬಿಎಸ್‌ಗೂ ಆಟಕ್ಕೂ ಒಂದೇ ಜಿಪಿಯು ನಿಗದಿ ಮಾಡಿ.

ಎನ್‌ಕೋಡಿಂಗ್ ಅಂಕಿ ಏರುತ್ತಿದ್ದರೆ

ಔಟ್‌ಪುಟ್ ಸೆಟ್ಟಿಂಗಿನಲ್ಲಿ ಯಾವ ಎನ್‌ಕೋಡರ್ ಇದೆ ಎಂದು ನೋಡಿ. ಎಕ್ಸ್264 ಎಂದಿದ್ದರೆ ಒತ್ತುವ ಕೆಲಸವೆಲ್ಲ ಕಂಪ್ಯೂಟರಿನ ಮುಖ್ಯ ಪ್ರೊಸೆಸರಾದ ಸಿಪಿಯು ಮೇಲೆ ಬೀಳುತ್ತದೆ, ಆಟಕ್ಕೂ ಅದೇ ಸಿಪಿಯು ಬೇಕು. ಎನ್‌ವಿಡಿಯಾ ಕಾರ್ಡಿದ್ದರೆ ಎನ್‌ವೆಂಕ್, ಎಎಂಡಿ ಕಾರ್ಡಿದ್ದರೆ ಅದರ ಹಾರ್ಡ್‌ವೇರ್ ಎನ್‌ಕೋಡರ್, ಇಂಟೆಲ್ ಗ್ರಾಫಿಕ್ಸ್ ಇದ್ದರೆ ಕ್ವಿಕ್ ಸಿಂಕ್ ಆರಿಸಿ. ಒತ್ತುವ ಕೆಲಸಕ್ಕೆಂದೇ ಚಿಪ್ಪಿನಲ್ಲಿ ಪ್ರತ್ಯೇಕ ಭಾಗವಿರುತ್ತದೆ, ಅದು ಆಟದ ಪಾಲನ್ನು ಹೆಚ್ಚು ಕಸಿಯುವುದಿಲ್ಲ.

ಹಳೆಯ ಕಾರ್ಡ್ ಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಎನ್‌ವಿಡಿಯಾ ಜಿಟಿ 1030 ಕಾರ್ಡಿನಲ್ಲಿ ಎನ್‌ವೆಂಕ್ ಇಲ್ಲವೇ ಇಲ್ಲ. ಇಂಟೆಲ್ ಪ್ರೊಸೆಸರಿನ ಹೆಸರು 12400ಎಫ್‌ನಂತೆ ‘ಎಫ್’ ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇಲ್ಲ. ಸ್ವಲ್ಪ ಹಣ ಉಳಿಯಿತೆಂದು ಈ ಎರಡನ್ನೂ ಜೋಡಿಸಿಕೊಂಡು ಪ್ರಸಾರಕ್ಕೆ ಕುಳಿತವರನ್ನು ಕಂಡಾಗ ಬೇಸರವಾಗುತ್ತದೆ. ಅಂಗಡಿಯಲ್ಲಿ ಯಾರಾದರೂ ಇದೊಂದು ಮಾತು ಹೇಳಬಹುದಿತ್ತು.

ಎಕ್ಸ್264 ಬಿಟ್ಟರೆ ಗತಿಯಿಲ್ಲ ಎನ್ನುವವರು ಪ್ರಿಸೆಟ್ಟನ್ನು (ಒತ್ತುವ ವೇಗದ ಆಯ್ಕೆ) ವೆರಿಫಾಸ್ಟ್‌ನಿಂದ ಸೂಪರ್‌ಫಾಸ್ಟ್‌ಗೆ ಬದಲಿಸಿ ನೋಡಬಹುದು. ಅದಕ್ಕಿಂತ ಒಳ್ಳೆಯ ದಾರಿ ಔಟ್‌ಪುಟ್ ಗಾತ್ರ ಇಳಿಸುವುದು. 1080ಪಿ ಚಿತ್ರದಲ್ಲಿ 20,73,600 ಪಿಕ್ಸೆಲ್‌ಗಳಿದ್ದರೆ 720ಪಿ ಚಿತ್ರದಲ್ಲಿ 9,21,600 ಮಾತ್ರ. ಹೊರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ತಡವರಿಸುವ 1080ಪಿಗಿಂತ ಸರಾಗವಾದ 720ಪಿಯನ್ನೇ ನೋಡುಗರು ಕೊನೆಯವರೆಗೆ ನೋಡುತ್ತಾರೆ.

ಎನ್‌ವೆಂಕ್ ಇದ್ದೂ ಈ ಅಂಕಿ ಏರಿದರೆ ಜಿಪಿಯು ತುಂಬಿದೆ ಎಂದೇ ಅರ್ಥ. ಲುಕ್ ಅಹೆಡ್ ಮತ್ತು ಸೈಕೋ ವಿಶುಯಲ್ ಟ್ಯೂನಿಂಗ್ ಆಯ್ಕೆಗಳನ್ನು ತೆಗೆಯಿರಿ. ಇವೆರಡು ಎನ್‌ಕೋಡರ್ ಭಾಗವನ್ನು ಬಿಟ್ಟು ಆಟ ಬಳಸುವ ಜಿಪಿಯು ಭಾಗಕ್ಕೇ ಕೈ ಹಾಕುತ್ತವೆ. ಜತೆಗೆ ಪ್ರಿಸೆಟ್ಟನ್ನು ಒಂದೆರಡು ಮೆಟ್ಟಿಲು ಇಳಿಸಿ, ಹಿಂದಿನ ಭಾಗದಲ್ಲಿ ಹೇಳಿದ ಫ್ರೇಮ್ ಮಿತಿಯನ್ನೂ ಹಾಕಿ.

ನೆಟ್‌ವರ್ಕ್ ಅಂಕಿ ಏರುತ್ತಿದ್ದರೆ

ನಮ್ಮ ಊರುಗಳಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಮೊದಲು ಒಂದು ತಪ್ಪು ಕಲ್ಪನೆ ಕಳೆಯಬೇಕು. ‘ನಮ್ಮದು 100 ಎಂಬಿಪಿಎಸ್ ಫೈಬರ್’ ಎನ್ನುವವರ ಪ್ರಸಾರದಲ್ಲೂ ಫ್ರೇಮ್ ಬೀಳುತ್ತದೆ. ಆ ನೂರು ಹೆಚ್ಚಾಗಿ ಡೌನ್‌ಲೋಡಿನ ಲೆಕ್ಕ, ಪ್ರಸಾರಕ್ಕೆ ಬೇಕಾದದ್ದು ಅಪ್‌ಲೋಡ್. ಅದರಲ್ಲೂ ಮುಖ್ಯ ವೇಗಕ್ಕಿಂತ ಸ್ಥಿರತೆ. ಪ್ರಸಾರದ ದತ್ತಾಂಶ ಟಿಸಿಪಿ ಎಂಬ ವಿಧಾನದಲ್ಲಿ ಸಾಗುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದನ್ನು ಮತ್ತೆ ಕಳಿಸಬೇಕು, ಕಳೆಯುವುದು ಹೆಚ್ಚಾದರೆ ವೇಗವನ್ನೂ ತಗ್ಗಿಸಬೇಕು. ಅಷ್ಟರಲ್ಲಿ ಹಿಂದಿನ ಫ್ರೇಮ್‌ಗಳು ಸಾಲುಗಟ್ಟಿ ನಿಲ್ಲುತ್ತವೆ, ಸಾಲು ಉದ್ದವಾದಾಗ ಒಬಿಎಸ್ ಕೆಲವನ್ನು ಎಸೆಯುತ್ತದೆ. ಬಿದ್ದುಹೋದ ಫ್ರೇಮ್ ಎಂದರೆ ಇದು.

ಹೀಗೆ ಅಳೆಯಿರಿ. ನೀವು ಪ್ರಸಾರ ಮಾಡುವ ಹೊತ್ತಿನಲ್ಲೇ, ಅಂದರೆ ರಾತ್ರಿ ಎಂಟರಿಂದ ಹನ್ನೊಂದರ ನಡುವೆ, ಅಪ್‌ಲೋಡ್ ವೇಗವನ್ನು ಐದಾರು ಬಾರಿ ನೋಡಿ. ಮಧ್ಯಾಹ್ನದ ಅಂಕಿ ಉಪಯೋಗಕ್ಕೆ ಬಾರದು. ಐದಾರರಲ್ಲಿ ಅತಿ ಕಡಿಮೆ ಬಂದದ್ದನ್ನು ತೆಗೆದುಕೊಂಡು ಅದರ ಶೇಕಡಾ 70ರಷ್ಟನ್ನು ಬಿಟ್‌ರೇಟಿನ ಮಿತಿಯಾಗಿ ಇಡಿ. ಕನಿಷ್ಠ 6 ಎಂಬಿಪಿಎಸ್ ಬಂದಿದ್ದರೆ 4,000 ಕೆಬಿಪಿಎಸ್ ಆಸುಪಾಸು. ಟ್ವಿಚ್‌ನ ಶಿಫಾರಸು 720ಪಿ 60 ಫ್ರೇಮಿಗೆ 4,500, 1080ಪಿ 60 ಫ್ರೇಮಿಗೆ 6,000. ಯೂಟ್ಯೂಬ್ ಇದಕ್ಕಿಂತ ಹೆಚ್ಚು ಕೊಟ್ಟರೂ ಸ್ವೀಕರಿಸುತ್ತದೆ. ರೇಟ್ ಕಂಟ್ರೋಲ್ ಸಿಬಿಆರ್ (ಒಂದೇ ಸಮನಾದ ಬಿಟ್‌ರೇಟ್) ಇರಲಿ, ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ 2 ಸೆಕೆಂಡ್ ಇರಲಿ.

ನಂತರ ಪಿಂಗ್ ಪರೀಕ್ಷೆ, ಅಂದರೆ ಒಂದು ಚಿಕ್ಕ ಸಂದೇಶ ಹೋಗಿ ಮರಳಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ನಿಮ್ಮ ರೌಟರಿನ ವಿಳಾಸಕ್ಕೆ, ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1, ನಿಲ್ಲದೆ ಪಿಂಗ್ ಓಡಿಸಿ. ಇನ್ನೊಂದು ಕಿಟಕಿಯಲ್ಲಿ ಹೊರಗಿನ ವಿಳಾಸವಾದ ಗೂಗಲ್‌ನ 8.8.8.8ಕ್ಕೆ ಓಡಿಸಿ. ಎರಡೂ ಓಡುತ್ತಿರುವಾಗಲೇ ಪ್ರಸಾರ ನಡೆಯಲಿ. ರೌಟರಿನವರೆಗಿನ ಪಿಂಗೇ ಜಿಗಿಯುತ್ತಿದ್ದರೆ ದೋಷ ನಿಮ್ಮ ಮನೆಯೊಳಗಿದೆ, ಬಹುತೇಕ ವೈಫೈ. ರೌಟರಿನವರೆಗೆ ಸರಿಯಾಗಿದ್ದು ಹೊರಗಿನದು ಮಾತ್ರ ಕೆಟ್ಟರೆ ಸೇವೆ ಕೊಡುವವರನ್ನು ಕೇಳಬೇಕು.

ವೈಫೈಗೆ ಪರಿಹಾರ ತಂತಿ. ಮಹಡಿಯ ಕೋಣೆಯಿಂದ ಪಡಸಾಲೆಯ ರೌಟರಿಗೆ ಕ್ಯಾಟ್ 6 ಕೇಬಲ್ ಎಳೆಯುವುದಕ್ಕಿಂತ ಒಳ್ಳೆಯ ಖರ್ಚು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಧಾರವಾಡದ ಹಳೆಯ ಮನೆಗಳ ದಪ್ಪ ಗೋಡೆಗಳನ್ನು ದಾಟಿ ಬರುವ ವೈಫೈ ಮೇಲೆ ಭರವಸೆ ಇಡಬೇಡಿ. ತಂತಿ ಎಳೆಯಲು ಮನೆಯ ಮಾಲೀಕರು ಒಪ್ಪದಿದ್ದರೆ 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್ ಜಾಲಕ್ಕೆ ಸೇರಿ, ರೌಟರನ್ನು ಅದೇ ಕೋಣೆಗೆ ತನ್ನಿ.

ಮನೆಯವರ ಮೊಬೈಲುಗಳನ್ನೂ ಮರೆಯಬಾರದು. ಮದುವೆಗೆ ಹೋಗಿ ಬಂದ ದಿನ ಎಲ್ಲರ ಮೊಬೈಲುಗಳಿಂದ ಫೋಟೊ, ವಿಡಿಯೊ ಬ್ಯಾಕಪ್ ಒಟ್ಟಿಗೆ ಶುರುವಾಗುತ್ತದೆ. ಸುಮ್ಮನಿದ್ದಾಗ 30 ಮಿಲಿಸೆಕೆಂಡ್ ಇದ್ದ ಪಿಂಗ್ ಆಗ 400 ದಾಟುತ್ತದೆ. ರೌಟರಿನಲ್ಲಿ ಕ್ಯೂಒಎಸ್ ಆಯ್ಕೆಯಿದ್ದರೆ ನಿಮ್ಮ ಕಂಪ್ಯೂಟರಿಗೆ ಆದ್ಯತೆ ಕೊಡಿ. ಇಲ್ಲದಿದ್ದರೆ ಪ್ರಸಾರದ ಹೊತ್ತಿನಲ್ಲಿ ಬ್ಯಾಕಪ್ ನಿಲ್ಲಿಸುವಂತೆ ಮನೆಯವರಲ್ಲಿ ಕೇಳಿಕೊಳ್ಳಿ.

ಹೊರಗಿನ ದಾರಿಯ ದೋಷವಾದರೆ ದೂರು ಕೊಡುವಾಗ ‘ನೆಟ್ ಸ್ಲೋ’ ಎಂದಷ್ಟೇ ಹೇಳಬೇಡಿ. ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಶಕ್ತಿಯನ್ನು ಡಿಬಿಎಂ ಅಳತೆಯಲ್ಲಿ ತೋರಿಸುತ್ತದೆ. ಅದು ಮೈನಸ್ 27ರ ಹತ್ತಿರವಿದ್ದರೆ ಬೆಳಕು ತೀರಾ ಕ್ಷೀಣ. ನನ್ನ ಕೋಣೆಯಲ್ಲಿ ಒಮ್ಮೆ ಎರಡು ತಿಂಗಳು ಸಂಜೆಯಾದರೆ ಸಾಕು, ಫ್ರೇಮ್ ಬೀಳುತ್ತಿತ್ತು. ಸ್ಥಳೀಯ ಸೇವೆಯವರು ಬಂದು ವೇಗ ಅಳೆದು ‘ಎಲ್ಲ ಸರಿಯಿದೆ’ ಎಂದು ಹೋಗುತ್ತಿದ್ದರು. ಪಿಂಗಿನಲ್ಲಿ ನೂರಕ್ಕೆ ನಾಲ್ಕು ಕಳೆಯುತ್ತಿರುವುದನ್ನೂ ಮೈನಸ್ 28 ಎಂಬ ಅಂಕಿಯನ್ನೂ ಬರೆದು ತೋರಿಸಿದ ಮರುದಿನವೇ ಕಂಬದ ಮೇಲಿನ ಜೋಡಣೆಯನ್ನು ಹೊಸದಾಗಿ ಮಾಡಿಕೊಟ್ಟರು. ಅಂಕಿಗೆ ಆ ಬಲವಿದೆ. ಗೋಡೆಯ ಮೂಲೆಯಲ್ಲಿ ಬಿಗಿಯಾಗಿ ಮಡಚಿಕೊಂಡಿರುವ ಹಳದಿ ಫೈಬರ್ ತಂತಿಯನ್ನು ಸಡಿಲ ಮಾಡುವುದನ್ನು ನೀವೇ ಮಾಡಬಹುದು.

ದೋಷ ಪೂರ್ತಿ ನೀಗದಿದ್ದಾಗ ಒಬಿಎಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗಿನ ನೆಟ್‌ವರ್ಕ್ ಭಾಗದಲ್ಲಿ, ದಟ್ಟಣೆಗೆ ತಕ್ಕಂತೆ ಬಿಟ್‌ರೇಟನ್ನು ತಾನೇ ಬದಲಿಸುವ ಆಯ್ಕೆಗೆ ಗುರುತು ಹಾಕಿ. ಫ್ರೇಮ್ ಎಸೆಯುವ ಬದಲು ಚಿತ್ರ ಕೆಲಹೊತ್ತು ಮಸುಕಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ಟ್ವಿಚ್‌ನವರು ಸರ್ವರ್ ಪಟ್ಟಿಯಲ್ಲಿ ‘ಆಟೊ’ ಬಿಟ್ಟು ಮುಂಬೈ ಸರ್ವರನ್ನೂ ಪ್ರಯತ್ನಿಸಿ ನೋಡಿ.

ಡೇಟಾ ಲೆಕ್ಕವೂ ಗೊತ್ತಿರಲಿ. 4,500 ಕೆಬಿಪಿಎಸ್ ಎಂದರೆ ಗಂಟೆಗೆ ಸುಮಾರು 2 ಜಿಬಿ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಮಿತಿಯ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಪ್ರಸಾರ ಮಾಡುವವರಿಗೆ ಒಂದು ಗಂಟೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲ ಫ್ರೇಮ್ ಬೀಳಲು ಶುರುವಾಗುವುದು ಇದಕ್ಕೇ.

ಕರೆಂಟು, ಬಿಸಿಲು, ದೂಳು

ಕರೆಂಟು ಹೋದಾಗ ಲ್ಯಾಪ್‌ಟಾಪ್ ಆರುವುದಿಲ್ಲ, ಆದರೆ ಬ್ಯಾಟರಿಗೆ ಬಂದ ಕೂಡಲೇ ಜಿಪಿಯು ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ರೌಟರೂ ಆರಿರುತ್ತದೆ. ಕರೆಂಟು ಬಂದ ಮೇಲೆ ರೆಂಡರಿಂಗ್, ನೆಟ್‌ವರ್ಕ್ ಎರಡೂ ಅಂಕಿಗಳು ಏರಿರುವುದನ್ನು ಕಂಡು ಗಾಬರಿಯಾಗಬೇಡಿ, ರೀಸೆಟ್ ಒತ್ತಿ ಹೊಸದಾಗಿ ಅಳೆಯಿರಿ. ಫೈಬರ್ ಪೆಟ್ಟಿಗೆ ಮತ್ತು ರೌಟರಿಗೆ ಒಂದು ಚಿಕ್ಕ ಡಿಸಿ ಯುಪಿಎಸ್ ಹಾಕಿಸಿ. ಬಹಳಷ್ಟು ಪೆಟ್ಟಿಗೆಗಳು 12 ವೋಲ್ಟಿನವು, ಆದರೂ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಯೇ ಕೊಳ್ಳಿ.

ಗದಗದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮೇಲ್ಛಾವಣಿಯ ಕೋಣೆಯಲ್ಲಿ ಕುಳಿತು ಅಳೆದರೆ ಮೊದಲ ಅರ್ಧ ಗಂಟೆ ಎಲ್ಲ ಅಂಕಿಯೂ ಸೊನ್ನೆ ಇರುತ್ತದೆ, ಆಮೇಲೆ ಏರತೊಡಗುತ್ತದೆ. ಹೊತ್ತು ಹೋದಂತೆ ಹದಗೆಡುವ ತೊಂದರೆಗೆ ಮೊದಲು ಶಂಕಿಸಬೇಕಾದದ್ದು ಶಾಖವನ್ನು. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಸಿಪಿಯು ಉಷ್ಣಾಂಶ 95 ಡಿಗ್ರಿ ಮುಟ್ಟುತ್ತಿದೆಯೇ ನೋಡಿ; ಅಲ್ಲಿಗೆ ಬಂದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಷಾಢದ ಗಾಳಿಗೆ ಎರೆಮಣ್ಣಿನ ಸಣ್ಣ ದೂಳು ಫ್ಯಾನಿನ ಹಿಂದಿನ ರೆಕ್ಕೆಗಳ ನಡುವೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ ಬಿಚ್ಚಿ ಸ್ವಚ್ಛ ಮಾಡಿಸಿ. ತುರ್ತಿಗೆ, ವಿಂಡೋಸ್ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇಕಡಾ 99ಕ್ಕೆ ಇಟ್ಟರೆ ಟರ್ಬೊ (ಪ್ರೊಸೆಸರ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಂತು ಶಾಖ ಇಳಿಯುತ್ತದೆ. ಆಟದ ವೇಗ ತುಸು ತಗ್ಗುತ್ತದೆ, ಆದರೆ ಒಂದೇ ಸಮನಾಗಿ ಓಡುತ್ತದೆ.

ಮೊಬೈಲಿನಿಂದಲೇ ಬಿಜಿಎಂಐ ಆಡುತ್ತ ಪ್ರಸಾರ ಮಾಡುವವರಿಗೂ ಶಾಖವೇ ಮೊದಲ ಶತ್ರು. ಆಟ, ಎನ್‌ಕೋಡಿಂಗ್, ಮೊಬೈಲ್ ರೇಡಿಯೋ, ಚಾರ್ಜಿಂಗ್ ನಾಲ್ಕೂ ಒಂದೇ ಅಂಗೈಯಗಲದಲ್ಲಿ ಬಿಸಿ ಹುಟ್ಟಿಸುತ್ತವೆ. ಹಿಂಬದಿಯ ಕವಚ ತೆಗೆಯಿರಿ, ಪೂರ್ತಿ ಚಾರ್ಜ್ ಮಾಡಿಕೊಂಡು ತಂತಿಯಿಲ್ಲದೆ ಆಡಿ, 720ಪಿ 30 ಫ್ರೇಮಿಗೆ ಒಪ್ಪಿಕೊಳ್ಳಿ.

ತಾಲೀಮು

ಏನನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರತಿ ಪ್ರಸಾರದ ಕೊನೆಗೆ ಒಬಿಎಸ್‌ನ ಲಾಗ್ ಕಡತದಲ್ಲಿ ಇದೇ ಮೂರು ಲೆಕ್ಕಗಳು ಬರೆದಿರುತ್ತವೆ. ಹೆಲ್ಪ್ ಮೆನುವಿನ ಲಾಗ್ ಫೈಲ್ಸ್‌ನಲ್ಲಿ ಸಿಗುತ್ತವೆ. ಬೇರೆಯವರ ಸಹಾಯ ಕೇಳುವಾಗ ಮೊದಲು ಆ ಕಡತವನ್ನು ಕೊಡಿ.

ಯೂಟ್ಯೂಬಿನಲ್ಲಿ ಪ್ರೈವೇಟ್ ಪ್ರಸಾರ ತೆರೆದು, ರಾತ್ರಿ ಒಂಬತ್ತರ ಹೊತ್ತಿಗೆ, ಆಟದ ಅತಿ ಗದ್ದಲದ ನಕ್ಷೆಯಲ್ಲಿ ಅರ್ಧ ಗಂಟೆ ಆಡಿ. ಮೂರು ಅಂಕಿಗಳೂ ಸೊನ್ನೆಯಲ್ಲಿ ನಿಂತರೆ ಬಿಟ್‌ರೇಟನ್ನು 500 ಏರಿಸಿ, ಮರುದಿನ ಅದೇ ಹೊತ್ತಿಗೆ ಮತ್ತೆ ಅರ್ಧ ಗಂಟೆ. ಯಾವ ದಿನ ನೆಟ್‌ವರ್ಕ್ ಅಂಕಿ ಕದಲುತ್ತದೋ ಅದರ ಹಿಂದಿನ ದಿನದ ಬಿಟ್‌ರೇಟೇ ನಿಮ್ಮದು. ಅದನ್ನು ಒಬಿಎಸ್‌ನಲ್ಲಿ ಪ್ರೊಫೈಲಾಗಿ ಉಳಿಸಿ, ಮಳೆಗಾಲಕ್ಕೆಂದು 1,000 ಕಡಿಮೆ ಇರುವ ಇನ್ನೊಂದು ಪ್ರೊಫೈಲನ್ನೂ ಮಾಡಿಟ್ಟುಕೊಳ್ಳಿ.